ಬೆಳಕು, ರಂಧ್ರಗಳ ಪುಡಿ ಮತ್ತು ಬಣ್ಣದ ನೀರು: ಡೈ ಒಡೆಯುವ ಪ್ರಯೋಗದ ಸಮಗ್ರ ಮಾರ್ಗದರ್ಶಿ

ಬಣ್ಣದ ನೀರಿಗೆ ರಂಧ್ರಗಳುಳ್ಳ ಪುಡಿ ಹಾಕಿ, ಬೆಳಕು ಬಿಟ್ಟು, ನೀರಿನಲ್ಲಿರುವ ಬಣ್ಣದ (ಡೈ) ಅಣುಗಳನ್ನು ಒಡೆಯುವುದು ಈ ಪ್ರಯೋಗ. ನಾನು ಮೊದಲ ಸಲ ಇದನ್ನು ಮಾಡಿದಾಗ ಹತ್ತೇ ನಿಮಿಷದಲ್ಲಿ ನೀಲಿ ನೀರು ತಿಳಿಯಾಯಿತು. ಖುಷಿಯೋ ಖುಷಿ. ಆಮೇಲೆ ಸೆಂಟ್ರಿಫ್ಯೂಜ್ ಟ್ಯೂಬಿನ ತಳ ನೋಡಿದೆ. ಪುಡಿ ಕಡುನೀಲಿಯಾಗಿ ಕೂತಿತ್ತು. ಬಣ್ಣ ಒಡೆದೇ ಇರಲಿಲ್ಲ, ನೀರು ಬಿಟ್ಟು ಪುಡಿಗೆ ಹೋಗಿ ಅಂಟಿಕೊಂಡಿತ್ತು ಅಷ್ಟೆ. ದೀಪ ಹಚ್ಚದಿದ್ದರೂ ಅದೇ ಆಗುತ್ತಿತ್ತು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಇದೇ. ಹಾಗಾಗಿ ಮುಂದೆ ಹೇಳುವ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗೋಣ: ಬಣ್ಣ ನಿಜಕ್ಕೂ ಒಡೆಯಿತಾ, ಇಲ್ಲಾ ಎಲ್ಲೋ ಅಡಗಿಕೊಂಡಿತಾ?

ಒಳಗೆ ನಡೆಯುವುದೇನು

ಕೆಲವು ಅರೆವಾಹಕ ಪುಡಿಗಳ ಮೇಲೆ ತಕ್ಕಷ್ಟು ಶಕ್ತಿಯ ಬೆಳಕು ಬಿದ್ದರೆ ಒಳಗಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಅಂತಾರೆ. ಎರಡೂ ಮತ್ತೆ ಕೂಡಿಕೊಂಡರೆ ಶಕ್ತಿ ಬಿಸಿಯಾಗಿ ವ್ಯರ್ಥ. ಕೂಡಿಕೊಳ್ಳುವ ಮೊದಲೇ ಪುಡಿಯ ಮೇಲ್ಮೈಗೆ ಬಂದರೆ ಕೆಲಸ ಶುರು. ಎಲೆಕ್ಟ್ರಾನ್ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಸೇರಿ ಸೂಪರ್‌ಆಕ್ಸೈಡ್ ಆಗುತ್ತದೆ. ಹೋಲ್ ನೇರವಾಗಿ ಬಣ್ಣದಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳಬಹುದು, ಅಥವಾ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡಬಹುದು. ಈ ರ‍್ಯಾಡಿಕಲ್ (ಅಂದರೆ ಒಂಟಿ ಎಲೆಕ್ಟ್ರಾನ್ ಇರುವ ತುಣುಕು) ಮಹಾ ಒರಟ. ಎದುರಿಗೆ ಸಿಕ್ಕ ಸಾವಯವ ಅಣುವನ್ನೆಲ್ಲ ಹರಿದುಹಾಕುತ್ತದೆ.

ಯಾವ ಬೆಳಕು ಬೇಕು ಅನ್ನುವುದಕ್ಕೆ ಸುಲಭದ ಲೆಕ್ಕವಿದೆ. ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಬೇಕಾದ ಕನಿಷ್ಠ ಶಕ್ತಿಗೆ ಬ್ಯಾಂಡ್ ಗ್ಯಾಪ್ ಅಂತಾರೆ. 1240ನ್ನು ಎಲೆಕ್ಟ್ರಾನ್ ವೋಲ್ಟ್ ಲೆಕ್ಕದ ಬ್ಯಾಂಡ್ ಗ್ಯಾಪ್‌ನಿಂದ ಭಾಗಿಸಿ. ಬಂದ ಸಂಖ್ಯೆ ನ್ಯಾನೋಮೀಟರ್‌ನಲ್ಲಿ ಬೆಳಕಿನ ತರಂಗಾಂತರದ ಮಿತಿ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡ್‌ನ ಗ್ಯಾಪ್ 3.2 ಎಲೆಕ್ಟ್ರಾನ್ ವೋಲ್ಟ್. ಅಂದರೆ ಸುಮಾರು 387 ನ್ಯಾನೋಮೀಟರ್. ಅದಕ್ಕಿಂತ ಉದ್ದದ ಅಲೆ ಬಂದರೆ ಅದು ಕದಲುವುದಿಲ್ಲ. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡ್ ಎಲೆಕ್ಟ್ರೋಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಜೀವ ಬಂತು. ತೊಂದರೆ ಏನೆಂದರೆ ಭೂಮಿಗೆ ಬೀಳುವ ಬಿಸಿಲಿನಲ್ಲಿ ನೇರಳಾತೀತ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಅದಕ್ಕೇ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡುವ ವಸ್ತುಗಳ ಹುಡುಕಾಟ.

ರಂಧ್ರ ಯಾಕೆ ಬೇಕು? ರ‍್ಯಾಡಿಕಲ್‌ಗಳ ಆಯಸ್ಸು ತೀರಾ ಕಡಿಮೆ, ದೂರ ಹೋಗಲಾರವು. ಬಣ್ಣದ ಅಣು ಪುಡಿಯ ಹತ್ತಿರವೇ ಇರಬೇಕು. ರಂಧ್ರ ಜಾಸ್ತಿ ಇದ್ದಷ್ಟೂ ಅಣು ಬಂದು ಕೂರಲು ಜಾಗ ಜಾಸ್ತಿ. ಆದರೆ ಇಲ್ಲೊಂದು ಕಿವಿಮಾತು. ಗ್ರಾಮಿಗೆ ಸಾವಿರ ಚದರ ಮೀಟರ್ ಮೇಲ್ಮೈ ಇದೆ ಅಂದಕೂಡಲೇ ಮರುಳಾಗಬೇಡಿ. ಬಣ್ಣ ಆ ರಂಧ್ರದೊಳಗೆ ಹೋಗಬೇಕಲ್ವಾ? ಜಿಫ್-8 ಅನ್ನುವ ವಸ್ತುವಿನ ರಂಧ್ರದ ಬಾಗಿಲು 0.34 ನ್ಯಾನೋಮೀಟರ್. ಮೆಥಿಲೀನ್ ಬ್ಲೂ ಎಂಬ ನೀಲಿ ಡೈಯ ಅಣುವಿನ ಉದ್ದ ಸುಮಾರು 1.4 ನ್ಯಾನೋಮೀಟರ್. ಒಳಗಿನ ಜಾಗ ಎಷ್ಟಿದ್ದರೇನು, ಬಣ್ಣ ಹೊರಗಿನ ಗೋಡೆಗೇ ಸೀಮಿತ. ಡೈಗಳಿಗೆ 2ರಿಂದ 50 ನ್ಯಾನೋಮೀಟರ್ ಅಗಲದ ರಂಧ್ರಗಳು, ಅಂದರೆ ಮೀಸೋ ರಂಧ್ರಗಳು, ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಯಾವ ವಸ್ತು ಆರಿಸಿಕೊಳ್ಳುವುದು

ಸಿದ್ಧವಾಗಿ ಸಿಗುವ ಟೈಟಾನಿಯಂ ಡೈಆಕ್ಸೈಡ್ ಪುಡಿಗಳಲ್ಲಿ ಪಿ25 ಅನ್ನುವುದು ಹೋಲಿಕೆಯ ಅಳತೆಗೋಲು ಇದ್ದ ಹಾಗೆ. ಗ್ರಾಮಿಗೆ ಸುಮಾರು 50 ಚದರ ಮೀಟರ್ ಮೇಲ್ಮೈ. ನೇರಳಾತೀತ (ಯುವಿ) ದೀಪ ಇದ್ದರೆ ಅದನ್ನು ಸೋಲಿಸುವುದು ಸುಲಭವಲ್ಲ. ನಿಮ್ಮ ಹೊಸ ಪುಡಿ ಎಷ್ಟು ಚೆನ್ನಾಗಿದೆ ಅಂತ ಹೇಳಬೇಕಾದರೆ ಪಕ್ಕದಲ್ಲಿ ಪಿ25 ಇಟ್ಟು ಓಡಿಸಿ.

ಲೋಹ-ಸಾವಯವ ಚೌಕಟ್ಟುಗಳು, ಅಂದರೆ ಎಂಒಎಫ್‌ಗಳು, ಈಗ ಎಲ್ಲರ ಬಾಯಲ್ಲಿವೆ. 2025ರ ರಸಾಯನಶಾಸ್ತ್ರ ನೊಬೆಲ್ ಕಿಟಗಾವಾ, ರಾಬ್ಸನ್, ಯಾಘಿ ಮೂವರಿಗೂ ಬಂದದ್ದು ಇವುಗಳಿಗಾಗಿಯೇ. ಚಂದದ ವಸ್ತುಗಳು ನಿಜ, ಆದರೆ ನೀರಿನಲ್ಲಿ ಎಲ್ಲವೂ ಬಾಳುವುದಿಲ್ಲ. ಎಂಒಎಫ್-5 ಗಾಳಿಯ ತೇವಕ್ಕೇ ಕುಸಿಯುತ್ತದೆ. ಹೊಸಬರು ಇದರಿಂದ ಶುರುಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈ ಮಾರ್ಗದರ್ಶಿಗೆ ನಾನು ಆರಿಸಿಕೊಂಡಿರುವುದು ರಂಧ್ರಗಳುಳ್ಳ ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್. ಬರೀ ಯೂರಿಯಾದಿಂದ ಮಾಡಬಹುದು. ಲೋಹ ಇಲ್ಲ, ಹಾಗಾಗಿ ನೀರಿಗೆ ಲೋಹ ಸೋರುವ ಭಯವೂ ಇಲ್ಲ. ಗ್ಯಾಪ್ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಮೇಲಿನ ಲೆಕ್ಕ ಹಾಕಿದರೆ 460 ನ್ಯಾನೋಮೀಟರ್, ಅಂದರೆ ನೀಲಿ ಬೆಳಕು ಸಾಕು.

ಮೊದಲ ಹಂತ: ಪುಡಿ ತಯಾರಿ

ಹತ್ತು ಗ್ರಾಮ್ ಒಣ ಯೂರಿಯಾವನ್ನು ಮುಚ್ಚಳವಿರುವ ಪಿಂಗಾಣಿ ಅಥವಾ ಅಲ್ಯುಮಿನಾ ಮೂಸೆಗೆ ಹಾಕಿ. ಮೂಸೆಯ ಅರ್ಧದಷ್ಟು ಮಾತ್ರ ತುಂಬಲಿ, ಕರಗಿದಾಗ ಉಕ್ಕುತ್ತದೆ. ಮುಚ್ಚಳ ಮರೆಯಬೇಡಿ. ತೆರೆದಿಟ್ಟರೆ ಎಲ್ಲ ಆವಿಯಾಗಿ ಹೋಗಿ ಖಾಲಿ ಮೂಸೆ ಕೈಗೆ ಬರುತ್ತದೆ. ಮಫಲ್ ಫರ್ನೇಸ್‌ನಲ್ಲಿ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಗಂಟೆ ಇಡಿ. ಆಮೇಲೆ ಬಾಗಿಲು ತೆರೆಯದೆ ತಾನಾಗಿ ತಣಿಯಲು ಬಿಡಿ.

ಯೂರಿಯಾ ಬಿಸಿಯಾಗುವಾಗ ಅಮೋನಿಯಾ ಮತ್ತು ಐಸೋಸಯಾನಿಕ್ ಆಮ್ಲದ ಹೊಗೆ ಬರುತ್ತದೆ. ಎರಡೂ ಶ್ವಾಸಕ್ಕೆ ಒಳ್ಳೆಯದಲ್ಲ. ಫರ್ನೇಸ್‌ನ ಹೊಗೆ ಫ್ಯೂಮ್ ಹುಡ್‌ಗೆ ಹೋಗುವಂತಿರಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಆದರೆ ಇದೇ ಅನಿಲಗಳೇ ಹೊರಗೆ ನುಗ್ಗುವಾಗ ಪುಡಿಯಲ್ಲಿ ರಂಧ್ರ ಮಾಡುತ್ತವೆ. ಮೆಲಮೈನ್‌ನಿಂದ ಮಾಡಿದರೆ ಪುಡಿ ಜಾಸ್ತಿ ಸಿಗುತ್ತದೆ, ರಂಧ್ರ ಕಡಿಮೆ. ಯೂರಿಯಾದಿಂದ ಸಿಗುವುದು ಕಡಿಮೆ, ಹತ್ತು ಗ್ರಾಮಿಗೆ ಅರ್ಧ ಗ್ರಾಮ್ ಕೂಡ ಬಾರದೆ ಇರಬಹುದು. ಬೇಜಾರಾಗಬೇಡಿ, ಒಂದು ಪ್ರಯೋಗಕ್ಕೆ ನೂರು ಮಿಲಿಗ್ರಾಮ್ ಸಾಕು.

ಸಿಕ್ಕಿದ್ದು ತಿಳಿ ಹಳದಿಯಾಗಿ, ಹಗುರವಾಗಿರಬೇಕು. ಅರೆಯಿರಿ. ತೆಳು ನೈಟ್ರಿಕ್ ಆಮ್ಲದಲ್ಲಿ ಒಮ್ಮೆ ತೊಳೆದು, ನೀರಿನ ಪಿಎಚ್ ತಟಸ್ಥಕ್ಕೆ ಬರುವವರೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, 80 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ನವಿರು ಪುಡಿ, ಹಾಗಾಗಿ ಮಾಸ್ಕ್ ಹಾಕಿಕೊಂಡೇ ತೂಕ ಮಾಡಿ. ಅನುಕೂಲವಿದ್ದರೆ ಎಕ್ಸ್-ರೇ ಡಿಫ್ರಾಕ್ಷನ್ ಮಾಡಿಸಿ. ತಾಮ್ರದ ಕಿರಣದಲ್ಲಿ 27 ಡಿಗ್ರಿ ಹತ್ತಿರ ದೊಡ್ಡ ಶಿಖರ, 13ರ ಹತ್ತಿರ ಚಿಕ್ಕದು ಕಂಡರೆ ಸರಿಯಾದ ವಸ್ತುವೇ ಬಂದಿದೆ.

ಎರಡನೇ ಹಂತ: ಬಣ್ಣದ ನೀರು ಮತ್ತು ಅಳತೆಯ ಗೆರೆ

ರೋಡಮೈನ್ ಬಿ ಅನ್ನುವ ಗುಲಾಬಿ ಡೈ ತೆಗೆದುಕೊಳ್ಳೋಣ. 100 ಮಿಲಿಗ್ರಾಮ್ ತೂಗಿ ಒಂದು ಲೀಟರ್ ನೀರಿಗೆ. ಇದು ಮೂಲ ದ್ರಾವಣ, ಕತ್ತಲಲ್ಲಿ ಇಡಿ. ಇದರಿಂದ 50 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ಲೀಟರಿಗೆ 5 ಮಿಲಿಗ್ರಾಮ್. ಕೈಗವಸು ಹಾಕಿಕೊಳ್ಳಿ. ಚರ್ಮಕ್ಕೆ ಹತ್ತಿದರೆ ಗುಲಾಬಿ ಗುರುತು ದಿನಗಟ್ಟಲೆ ಉಳಿಯುತ್ತದೆ.

ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಇದರ ಶಿಖರ 554 ನ್ಯಾನೋಮೀಟರ್‌ನಲ್ಲಿ. ಲೀಟರಿಗೆ 5 ಮಿಲಿಗ್ರಾಮ್ ಇರುವ ನೀರಿಗೆ ಅಬ್ಸಾರ್ಬೆನ್ಸ್ (ಬೆಳಕಿನ ಹೀರಿಕೆಯ ಅಳತೆ) 1ರ ಆಸುಪಾಸು ಬರುತ್ತದೆ. ಅದಕ್ಕೇ ಈ ಸಾಂದ್ರತೆ. 20 ಮಿಲಿಗ್ರಾಮ್ ಇಟ್ಟುಕೊಂಡು ನೇರ ಅಳೆದರೆ ಉಪಕರಣಕ್ಕೆ ಹೋಗುವ ಬೆಳಕೇ ಸಾಲದೆ ಓದು ಸುಳ್ಳು ಹೇಳುತ್ತದೆ. 0.5, 1, 2, 3, 4, 5 ಮಿಲಿಗ್ರಾಮ್‌ಗಳಿಗೆ ಓದು ತೆಗೆದು ಗೆರೆ ಎಳೆಯಿರಿ. ಗೆರೆ ನೇರ ಬರಲಿಲ್ಲವೆಂದರೆ ಮುಂದೆ ಹೋಗಬೇಡಿ. ಪಿಪೆಟ್ ಅಥವಾ ಕ್ಯುವೆಟ್ (ಓದಲು ಮಾದರಿ ಹಾಕುವ ಚಿಕ್ಕ ಪಾತ್ರೆ) ನೋಡಿ.

ಮೂರನೇ ಹಂತ: ಕತ್ತಲು

ಎಲ್ಲರೂ ಅವಸರ ಮಾಡುವುದು ಇಲ್ಲೇ. 200 ಮಿಲಿಲೀಟರ್ ಬಣ್ಣದ ನೀರಿಗೆ 100 ಮಿಲಿಗ್ರಾಮ್ ಪುಡಿ ಹಾಕಿ, ಎರಡು ನಿಮಿಷ ಅಲ್ಟ್ರಾಸೌಂಡ್ ತೊಟ್ಟಿಯಲ್ಲಿಟ್ಟು ಗಂಟು ಬಿಡಿಸಿ. ಬೀಕರಿಗೆ ಕಪ್ಪು ಹೊದಿಕೆ ಸುತ್ತಿ ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ತಿರುಗಲು ಬಿಡಿ.

ಎಷ್ಟು ಹೊತ್ತು? ಬಹಳ ಕಡೆ ಸುಮ್ನೆ "30 ನಿಮಿಷ" ಅಂತ ಬರೆದುಬಿಡುತ್ತಾರೆ. ಗಡಿಯಾರ ನೋಡಬೇಡಿ, ಓದು ನೋಡಿ. ಹದಿನೈದು ನಿಮಿಷಕ್ಕೊಮ್ಮೆ ಮಾದರಿ ತೆಗೆಯಿರಿ. ಸತತ ಎರಡು ಓದುಗಳು ಒಂದೇ ಬಂದಾಗ ಪುಡಿಗೆ ಅಂಟುವಷ್ಟು ಬಣ್ಣ ಅಂಟಿದೆ ಎಂದರ್ಥ. ಕಾರ್ಬನ್ ನೈಟ್ರೈಡ್‌ಗೆ ಅರ್ಧದಿಂದ ಒಂದು ಗಂಟೆ ಸಾಕಾಗಬಹುದು. ಆಳದ ರಂಧ್ರಗಳ ಎಂಒಎಫ್ ಆದರೆ ಹಲವು ಗಂಟೆ ಹಿಡಿಯಬಹುದು. ಅರ್ಧಕ್ಕೇ ದೀಪ ಹಚ್ಚಿದರೆ ಆಮೇಲೆ ಅಂಟಿದ ಬಣ್ಣವೆಲ್ಲ ಬೆಳಕಿನ ಖಾತೆಗೆ ಜಮೆಯಾಗುತ್ತದೆ.

ಇಲ್ಲಿ ಪಿಎಚ್ ಕೂಡ ಬರೆದಿಡಿ. ಪುಡಿಯ ಮೇಲ್ಮೈಗೆ ವಿದ್ಯುದಂಶವಿದೆ, ಬಣ್ಣಕ್ಕೂ ಇದೆ. ಟೈಟಾನಿಯಂ ಡೈಆಕ್ಸೈಡ್ ಪಿಎಚ್ 6ರ ಸುಮಾರಿಗಿಂತ ಕೆಳಗೆ ಧನ, ಮೇಲೆ ಋಣ. ಮೆಥಿಲೀನ್ ಬ್ಲೂ ಧನ, ಮೆಥಿಲ್ ಆರೆಂಜ್ ಋಣ. ಹೀಗಾಗಿ ಆಮ್ಲದಲ್ಲಿ ಮೆಥಿಲ್ ಆರೆಂಜ್ ಪುಡಿಯತ್ತ ಓಡಿಬರುತ್ತದೆ, ಮೆಥಿಲೀನ್ ಬ್ಲೂ ದೂರ ಸರಿಯುತ್ತದೆ. ಜೊತೆಗೆ ಮೆಥಿಲ್ ಆರೆಂಜ್ ಆಮ್ಲದಲ್ಲಿ ತಾನೇ ಕೆಂಪಾಗುತ್ತದೆ, ಅದು ಸೂಚಕ ತಾನೇ? 464 ನ್ಯಾನೋಮೀಟರ್‌ನಲ್ಲಿ ಓದು ಇಳಿದರೆ ಬಣ್ಣ ಒಡೆಯಿತು ಅಂದುಕೊಂಡೀರಿ ಜೋಕೆ.

ನಾಲ್ಕನೇ ಹಂತ: ದೀಪ

300 ವ್ಯಾಟ್ ಕ್ಸೆನಾನ್ ದೀಪಕ್ಕೆ 420 ನ್ಯಾನೋಮೀಟರಿಗಿಂತ ಗಿಡ್ಡ ಅಲೆಗಳನ್ನು ತಡೆಯುವ ಕಟ್-ಆಫ್ ಫಿಲ್ಟರ್ ಹಾಕುವುದು ರೂಢಿ. ಅಷ್ಟು ಬೇಕಿಲ್ಲ. 420 ನ್ಯಾನೋಮೀಟರ್ ಸುತ್ತಲಿನ ಎಲ್‌ಇಡಿ ಸಾಕು. ಅದಕ್ಕೆ ಬಿಸಿ ಕಡಿಮೆ, ತರಂಗಾಂತರವೂ ಖಚಿತ. ನೀರಿನ ಮೇಲ್ಮೈಯಲ್ಲಿ ಎಷ್ಟು ಬೆಳಕು ಬೀಳುತ್ತಿದೆ ಎಂಬುದನ್ನು ಪವರ್ ಮೀಟರ್‌ನಿಂದ ಅಳೆದು, ಚದರ ಸೆಂಟಿಮೀಟರಿಗೆ ಇಷ್ಟು ಮಿಲಿವ್ಯಾಟ್ ಅಂತ ಬರೆಯಿರಿ. ದೀಪದ ಡಬ್ಬದ ಮೇಲಿನ ವ್ಯಾಟ್ ಲೆಕ್ಕಕ್ಕಿಲ್ಲ. ಯುವಿಗಾಗಲಿ ಗಾಢ ನೀಲಿಗಾಗಲಿ ತಕ್ಕ ಕನ್ನಡಕ ಕಡ್ಡಾಯ.

ನೀರು 25 ಡಿಗ್ರಿಯ ಹತ್ತಿರವೇ ಇರಲಿ. ಸುತ್ತ ತಣ್ಣೀರು ಹರಿಯುವ ಬೀಕರ್ ಇದ್ದರೆ ಒಳ್ಳೆಯದು. ಬಿಸಿಯಾದರೆ ನೀರು ಆವಿಯಾಗಿ ಉಳಿದ ಬಣ್ಣ ಗಟ್ಟಿಯಾಗುತ್ತದೆ. ಬೀಕರಿನ ಬಾಯಿ ಪೂರ್ತಿ ಮುಚ್ಚಬೇಡಿ, ಎಲೆಕ್ಟ್ರಾನ್ ಹಿಡಿಯಲು ಆಮ್ಲಜನಕ ಬೇಕು. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಮ್ ಆಮ್ಲಜನಕವಷ್ಟೇ ಕರಗಿರುತ್ತದೆ. ಮೆಲ್ಲಗೆ ಗಾಳಿ ಬಿಟ್ಟರೆ ಇನ್ನೂ ಉತ್ತಮ.

ಪುಡಿ ಜಾಸ್ತಿ ಹಾಕಿದರೆ ಬೇಗ ಆಗುತ್ತದಾ? ಒಂದು ಮಟ್ಟದವರೆಗೆ. ಆಮೇಲೆ ನೀರು ಹಾಲಿನಂತೆ ಬೆಳ್ಳಗಾಗಿ ಬೆಳಕು ಮೇಲಿನ ಪದರದಲ್ಲೇ ಚದುರಿಹೋಗುತ್ತದೆ. ಲೀಟರಿಗೆ 0.25, 0.5, 1, 2 ಗ್ರಾಮ್ ಹೀಗೆ ಹಾಕಿ ನೋಡಿ, ನಿಮ್ಮ ಪಾತ್ರೆಗೆ ಯಾವುದು ಸರಿ ಅಂತ ಅದೇ ಹೇಳುತ್ತದೆ.

ದೀಪ ಹಚ್ಚಿದ ಕ್ಷಣ ಸೊನ್ನೆ. ಅಲ್ಲಿಂದ 10, 20, 30, 45, 60, 90, 120 ನಿಮಿಷಕ್ಕೆ ತಲಾ 2.5 ಮಿಲಿಲೀಟರ್ ತೆಗೆಯಿರಿ. ಕತ್ತಲಿನವೂ ಸೇರಿ ಒಟ್ಟು ತೆಗೆದದ್ದು ನೀರಿನ ಹತ್ತರಲ್ಲೊಂದು ಪಾಲನ್ನು ಹೆಚ್ಚು ದಾಟದಿರಲಿ. ಚಿಕ್ಕ ಬೀಕರಿನಿಂದ ಮೊಗೆದೂ ಮೊಗೆದೂ ಕೊನೆಗೆ ಉಳಿದ ಚೂರು ನೀರಿಗೆ ಬೆಳಕು ಜಾಸ್ತಿ ಬಿದ್ದು ವೇಗ ಹೆಚ್ಚಿದಂತೆ ಕಾಣುವುದುಂಟು.

ಐದನೇ ಹಂತ: ಪುಡಿ ಬೇರ್ಪಡಿಸಿ ಓದುವುದು

ಫಿಲ್ಟರ್ ಬಳಸುವ ಆಸೆಯಾಗುತ್ತದೆ. ಬೇಡ. ಹಲವು ಫಿಲ್ಟರ್ ಹಾಳೆಗಳು ತಾವೇ ಬಣ್ಣ ಹೀರುತ್ತವೆ. ಬಳಸಲೇಬೇಕಿದ್ದರೆ ಪುಡಿ ಇಲ್ಲದ ಬಣ್ಣದ ನೀರನ್ನು ಒಮ್ಮೆ ಹಾಯಿಸಿ ಮುಂಚೆ-ನಂತರ ಅಳೆದು ನೋಡಿ. ಸೆಂಟ್ರಿಫ್ಯೂಜ್ ವಾಸಿ. ನಿಮಿಷಕ್ಕೆ 10,000 ಸುತ್ತಿನಂತೆ ಹತ್ತು ನಿಮಿಷ, ಬೇಕಾದರೆ ಎರಡು ಸಲ.

554ರ ಒಂದೇ ಸಂಖ್ಯೆ ಬರೆದುಕೊಂಡು ಎದ್ದು ಹೋಗಬೇಡಿ. 200ರಿಂದ 800 ನ್ಯಾನೋಮೀಟರ್‌ವರೆಗೆ ಇಡೀ ಗೆರೆ ತೆಗೆಯಿರಿ. ಅದರಲ್ಲಿ ಮೂರು ಸಂಗತಿ ನೋಡಬೇಕು. ಒಂದು, 750ರ ಆಚೆ ಗೆರೆ ಸೊನ್ನೆಗೆ ಕೂತಿದೆಯಾ? ಇಲ್ಲವೆಂದರೆ ಪುಡಿ ಇನ್ನೂ ತೇಲುತ್ತಿದೆ. ಎರಡು, ಶಿಖರ ಇದ್ದಲ್ಲೇ ಕುಗ್ಗುತ್ತಿದೆಯಾ, ಇಲ್ಲಾ ಎಡಕ್ಕೆ ಜಾರುತ್ತಿದೆಯಾ? ರೋಡಮೈನ್ ಬಿ ಒಂದೊಂದೇ ಈಥೈಲ್ ಗುಂಪು ಕಳಚಿಕೊಳ್ಳುತ್ತಾ 498 ನ್ಯಾನೋಮೀಟರ್ ಕಡೆ ಸರಿಯುತ್ತದೆ. ಗುಲಾಬಿ ನೀರು ಹಸಿರು ಮಿಶ್ರಿತ ಹಳದಿಗೆ ತಿರುಗುತ್ತದೆ. ಆಗ 554ರ ಓದು ಕುಸಿದಿದ್ದರೂ ಅಣುವಿನ ಮುಖ್ಯ ಅಸ್ಥಿಪಂಜರ ಹಾಗೇ ಇದೆ. ಮೂರು, 200ರಿಂದ 300ರ ನಡುವಿನ ಭಾಗ. ಅಲ್ಲಿ ಹೀರಿಕೆ ಇಳಿಯದಿದ್ದರೆ ಬೆಂಜೀನ್ ಉಂಗುರದಂಥ ತುಂಡುಗಳು ನೀರಿನಲ್ಲೇ ಇವೆ.

ಲೆಕ್ಕ ಸುಲಭ. ಒಂದು ಕಲ್ಪಿತ ಉದಾಹರಣೆ ನೋಡಿ. ಶುರುವಿನಲ್ಲಿ 5, ಕತ್ತಲು ಮುಗಿದಾಗ 4.6 ಮಿಲಿಗ್ರಾಮ್. ಅಂದರೆ ಅಂಟಿದ್ದು ನೂರಕ್ಕೆ 8. ದೀಪ ಹಚ್ಚಿ 60 ನಿಮಿಷಕ್ಕೆ 0.92 ಉಳಿಯಿತು. 4.6ನ್ನು 0.92ರಿಂದ ಭಾಗಿಸಿದರೆ 5. ಅದರ ನೈಸರ್ಗಿಕ ಲಾಗರಿದಮ್ 1.609. ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 0.0268, ಇದೇ ವೇಗದ ಸ್ಥಿರಾಂಕ. ಅರ್ಧ ಆಯಸ್ಸು ಸುಮಾರು 26 ನಿಮಿಷ. ಇಲ್ಲಿ ಶುರು 4.6, ಐದಲ್ಲ. ನಿಜಕ್ಕೆ ಒಂದೇ ಬಿಂದುವಿನಿಂದ ಹೀಗೆ ಮಾಡಬಾರದು, ಎಲ್ಲ ಬಿಂದುಗಳ ಗೆರೆಯ ಇಳಿಜಾರು ತೆಗೆಯಬೇಕು.

ಆರನೇ ಹಂತ: ನಿಮ್ಮ ಫಲಿತಾಂಶವನ್ನೇ ಅನುಮಾನಿಸುವುದು

ಮೊದಲು ಎರಡು ಖಾಲಿ ಓಟ. ಪುಡಿ ಇಲ್ಲದೆ ಬರೀ ಬೆಳಕು. ಬೆಳಕಿಲ್ಲದೆ ಬರೀ ಪುಡಿ, ಅದೂ ಪೂರ್ತಿ ಹೊತ್ತು. ಆಮೇಲೆ ಬಳಸಿದ ಪುಡಿಯನ್ನು ಎಥನಾಲ್‌ನಲ್ಲಿ ಅಲುಗಾಡಿಸಿ ನೋಡಿ. ಎಥನಾಲ್ ಗುಲಾಬಿಯಾದರೆ ಬಣ್ಣ ಅಡಗಿದ್ದು ಅಲ್ಲೇ. ನನ್ನ ಕಡುನೀಲಿ ಪುಡಿಗೆ ಆ ದಿನ ಇದೊಂದು ಪರೀಕ್ಷೆ ಮಾಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ಇದಕ್ಕಿಂತ ನಾಜೂಕಾದ ಮೋಸ ಇನ್ನೊಂದಿದೆ. ಬಣ್ಣ ತಾನೇ ಬೆಳಕು ಹೀರಿ, ತನ್ನ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ, ತಾನೇ ಒಡೆದುಹೋಗಬಹುದು. ಆಗ ಪುಡಿ ಬೆಳಕಿಗೆ ಎಚ್ಚರವಾಗಿರುವುದೇ ಇಲ್ಲ, ಎಲ್ಲ ಡೈಯದ್ದೇ ಕರಾಮತ್ತು. ಪರೀಕ್ಷಿಸಲು 525 ನ್ಯಾನೋಮೀಟರ್ ಹಸಿರು ಎಲ್‌ಇಡಿ ಹಚ್ಚಿ. 460ರ ಆಚೆಯ ಆ ಬೆಳಕನ್ನು ಕಾರ್ಬನ್ ನೈಟ್ರೈಡ್ ಹೆಚ್ಚೂಕಡಿಮೆ ಮುಟ್ಟುವುದಿಲ್ಲ, ರೋಡಮೈನ್ ಮಾತ್ರ ಚೆನ್ನಾಗಿ ಹೀರುತ್ತದೆ. ಆಗಲೂ ಬಣ್ಣ ಹೋದರೆ ಉತ್ತರ ಸಿಕ್ಕಿತು. ಫೀನಾಲ್‌ನಂಥ ಬಣ್ಣವಿಲ್ಲದ ವಸ್ತುವಿನ ಮೇಲೂ ಅದೇ ಪುಡಿ ಓಡಿಸಿ ನೋಡುವುದು ಇನ್ನೂ ಗಟ್ಟಿ ಸಾಕ್ಷಿ. ಫೀನಾಲ್ ಚರ್ಮ ಸುಡುತ್ತದೆ, ಹುಷಾರು.

ಮೆಥಿಲೀನ್ ಬ್ಲೂ ಬಳಸುವವರಿಗೆ ಬೇರೆಯೇ ತಲೆನೋವು. ಅದು ಎಲೆಕ್ಟ್ರಾನ್ ಪಡೆದು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ಹೋಗಬಲ್ಲದು. ತಿಳಿಯಾದ ನೀರಿಗೆ ಗಾಳಿ ಊದಿ. ಮತ್ತೆ ನೀಲಿ ಬಂದರೆ ಅಣು ಒಡೆದಿರಲಿಲ್ಲ. ಬೆಳಕು ಬಿದ್ದಾಗ ಹೀಗೆ ಕೆಲಸ ಮಾಡುವ ವಸ್ತುಗಳಿಗೆ ಫೋಟೋಕ್ಯಾಟಲಿಸ್ಟ್ ಅಂತಾರೆ. ಅಂಥ ಮೇಲ್ಮೈಗಳ ಪರೀಕ್ಷೆಗೆ ಇದೇ ಬಣ್ಣವನ್ನಿಟ್ಟುಕೊಂಡ ಐಎಸ್ಒ 10678 ಎಂಬ ಮಾನದಂಡವೇ ಇದೆ. ಅದು ಯುವಿ ಬೆಳಕಿಗೆ ಬರೆದದ್ದು. ಕಾಣುವ ಬೆಳಕಿನ ಪುಡಿಗೆ ಹಾಗೇ ಎತ್ತಿಕೊಳ್ಳಬೇಡಿ.

ಕೊನೆಯ ತೀರ್ಪು ಒಟ್ಟು ಸಾವಯವ ಕಾರ್ಬನ್ ಪರೀಕ್ಷೆಯದ್ದು. ಟಿಒಸಿ ಅಂತಾರೆ. ಬಣ್ಣ ನೂರಕ್ಕೆ ತೊಂಬತ್ತು ಹೋಗಿದ್ದರೂ ಕಾರ್ಬನ್ ಅಷ್ಟು ಇಳಿದಿರುವುದು ಅಪರೂಪ. ಈ ಅಂತರವನ್ನು ಮುಚ್ಚಿಡಬೇಡಿ. ಅಜೋ ಬಣ್ಣಗಳ ವಿಷಯದಲ್ಲಂತೂ ಇದು ಮುಖ್ಯ. ನೈಟ್ರೋಜನ್ ಜೋಡಿ ಮುರಿದು ಬರುವ ಕೆಲವು ಆರೊಮ್ಯಾಟಿಕ್ ಅಮೈನುಗಳು ಮೂಲ ಬಣ್ಣಕ್ಕಿಂತ ಅಪಾಯಕಾರಿ.

ಯಾವ ರ‍್ಯಾಡಿಕಲ್ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕೇ? ಒಂದೊಂದನ್ನೇ ಹಿಡಿದುಹಾಕಿ ನೋಡಿ. ಹೈಡ್ರಾಕ್ಸಿಲ್‌ಗೆ ಐಸೋಪ್ರೊಪನಾಲ್, ಹೋಲ್‌ಗೆ ಅಮೋನಿಯಂ ಆಕ್ಸಲೇಟ್, ಸೂಪರ್‌ಆಕ್ಸೈಡ್‌ಗೆ ಬೆಂಜೋಕ್ವಿನೋನ್. ಯಾವುದು ಹಾಕಿದಾಗ ವೇಗ ಬಿದ್ದುಹೋಯಿತೋ ಅದೇ ಮುಖ್ಯ ಆಟಗಾರ. ಕಾರ್ಬನ್ ನೈಟ್ರೈಡ್‌ನ ಹೋಲ್‌ಗೆ ನೀರಿನಿಂದ ನೇರ ಹೈಡ್ರಾಕ್ಸಿಲ್ ಮಾಡುವಷ್ಟು ಕಸುವಿಲ್ಲ. ಹಾಗಾಗಿ ಸಾಮಾನ್ಯವಾಗಿ ಸೂಪರ್‌ಆಕ್ಸೈಡ್ ಮತ್ತು ಹೋಲ್‌ಗಳದ್ದೇ ಮೇಲುಗೈ. ನಿಮ್ಮ ಪ್ರಯೋಗ ಬೇರೆ ಹೇಳಿದರೆ ಹೌಹಾರಬೇಡಿ, ಆದರೆ ಇನ್ನೊಮ್ಮೆ ಮಾಡಿ.

ಮರುಬಳಕೆ ಮತ್ತು ನಿಜವಾದ ಬಣ್ಣದ ನೀರು

ಪುಡಿ ತೊಳೆದು, ಒಣಗಿಸಿ, ಐದು ಸಲ ಓಡಿಸಿ. ಪ್ರತಿ ಸಲ ತೊಳೆಯುವಾಗ ಸ್ವಲ್ಪ ಕಳೆದುಹೋಗುತ್ತದೆ. ಪ್ರತಿ ಓಟಕ್ಕೂ ತೂಗಿ, ನೀರಿನ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಇಳಿಸಿ. ಇಲ್ಲದಿದ್ದರೆ ಪುಡಿ ಕಡಿಮೆಯಾದದ್ದಕ್ಕೆ ಶಕ್ತಿ ಕುಂದಿತು ಎಂದು ಬರೆದುಬಿಡುತ್ತೀರಿ. ಎಂಒಎಫ್ ಆದರೆ ನೀರಿಗೆ ಲೋಹ ಸೋರಿದೆಯೇ ಎಂದೂ ಅಳೆಯಿರಿ. ಅದರ ಸಾವಯವ ಭಾಗ ಕರಗಿದರೆ ಟಿಒಸಿ ಇಳಿಯುವ ಬದಲು ಏರಬಹುದು.

ಬೀಕರಿನಿಂದ ನಿಜವಾದ ಡೈ ತ್ಯಾಜ್ಯಕ್ಕೆ ಹೋದರೆ ಆಟವೇ ಬೇರೆ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹಾಕುವ ತೊಟ್ಟಿಯಲ್ಲಿ ಲೀಟರಿಗೆ ಹತ್ತಾರು ಗ್ರಾಮ್ ಉಪ್ಪು, ಜೊತೆಗೆ ಕ್ಷಾರ ಇರುತ್ತದೆ. ಕ್ಲೋರೈಡ್, ಕಾರ್ಬೊನೇಟ್ ಅಯಾನುಗಳು ರ‍್ಯಾಡಿಕಲ್‌ಗಳನ್ನು ಬಣ್ಣಕ್ಕಿಂತ ಮುಂಚೆ ನುಂಗುತ್ತವೆ. ಬಣ್ಣ ಎಷ್ಟು ಗಾಢವೆಂದರೆ ಬೆಳಕು ಒಳಗೇ ಇಳಿಯುವುದಿಲ್ಲ. ಅದಕ್ಕೇ ಈ ವಿಧಾನವನ್ನು ಮೊದಲ ಹಂತದಲ್ಲಿ ಇಡಬೇಡಿ. ಗಡ್ಡೆಗಟ್ಟಿಸಿ ತಳಕ್ಕಿಳಿಸುವುದು, ಸೂಕ್ಷ್ಮಜೀವಿಗಳ ಸಂಸ್ಕರಣೆ ಎಲ್ಲ ಮುಗಿದ ಮೇಲೆ ಉಳಿಯುವ ತೆಳು ಬಣ್ಣಕ್ಕೆ ಇದು ಸರಿ. ತೇಲುವ ಪುಡಿಯನ್ನು ಟನ್‌ಗಟ್ಟಲೆ ನೀರಿನಿಂದ ಮತ್ತೆ ಹಿಡಿಯುವುದೂ ಕಷ್ಟ. ಗಾಜಿನ ಮಣಿ ಅಥವಾ ಸೆರಾಮಿಕ್ ಸ್ಪಂಜಿನ ಮೇಲೆ ಲೇಪಿಸಿದರೆ ವೇಗ ಕಡಿಮೆಯಾಗುತ್ತದೆ, ಆದರೆ ಪುಡಿ ಹರಿದುಹೋಗುವುದಿಲ್ಲ.

ಪ್ರಯೋಗ ಮುಗಿದ ಮೇಲೆ ನೀರು ತಿಳಿಯಾಗಿ ಕಂಡರೂ ಸಿಂಕಿಗೆ ಸುರಿಯಬೇಡಿ. ಒಡೆದ ತುಂಡುಗಳು, ಬೆಂಜೋಕ್ವಿನೋನ್, ಫೀನಾಲ್ ಎಲ್ಲ ಅದರಲ್ಲಿವೆ. ಹೆಸರು, ದಿನಾಂಕ ಬರೆದ ಬಾಟಲಿಯಲ್ಲಿ ನೀರು ಒಂದು ಕಡೆ, ಬಳಸಿದ ಪುಡಿ ಇನ್ನೊಂದು ಕಡೆ ಕೂಡಿಸಿ, ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಿ.